ಮೈಸೂರು ನಾಟ್ಯ: ಉಳಿದದ್ದೆಷ್ಟು, ಕೈಬಿಟ್ಟದ್ದೆಷ್ಟು?

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ಒಂದು ಪಠ್ಯವಿಷಯವಾಗಿ ಆರು ದಶಕ ಕಳೆದಿದೆ. 1965ರಲ್ಲಿ ಅಲ್ಲಿ ನೃತ್ಯ ವಿಭಾಗ ತೆರೆದಾಗ ಅದರ ಮೊದಲ ರೀಡರ್ ಆಗಿ ಬಂದವರು ಕೆ. ವೆಂಕಟಲಕ್ಷಮ್ಮ. ಅವರು ಜಟ್ಟಿ ತಾಯಮ್ಮನವರ ಶಿಷ್ಯೆ, ಅರಮನೆಯ ಆಸ್ಥಾನ ವಿದುಷಿ. ವಿಶ್ವವಿದ್ಯಾನಿಲಯ ಕೇಳಿದ ಅರ್ಹತೆ ಅಷ್ಟೇ, ಕೇಳಬೇಕಾದದ್ದೂ ಅಷ್ಟೇ. ಇಂದು ಅಂಥ ಹುದ್ದೆಗೆ ಅರ್ಜಿ ಹಾಕುವವರು ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ, ಎನ್‌ಇಟಿ, ಪಿಎಚ್‌.ಡಿ ಎಂದು ಪಟ್ಟಿ ಕೊಡಬೇಕು. ಗುರು ಯಾರು ಎಂಬುದು ಆ ಪಟ್ಟಿಯ ಹಿಂದೆ ಮರೆಯಾಗುತ್ತದೆ.

ಇದನ್ನು ದೂರೆಂದು ಹೇಳುತ್ತಿಲ್ಲ. ಬದಲಾದ ಕಾಲಕ್ಕೆ ಬದಲಾದ ನಿಯಮ ಸಹಜ. ಆದರೆ ಆರು ದಶಕವೆಂದರೆ ಒಮ್ಮೆ ನಿಂತು ಹಿಂತಿರುಗಿ ನೋಡುವಷ್ಟು ದೂರ. ನಾಡಿನಲ್ಲಿ ಇಂದು ಭರತನಾಟ್ಯದ ತರಗತಿ ಇಲ್ಲದ ಊರು ಹುಡುಕುವುದು ಕಷ್ಟ. ರಂಗಪ್ರವೇಶದ ಆಹ್ವಾನಪತ್ರಿಕೆಗಳಲ್ಲಿ ಗುರುಪರಂಪರೆ ತಪ್ಪದೆ ಅಚ್ಚಾಗುತ್ತದೆ. ತಾಯಮ್ಮ, ವೆಂಕಟಲಕ್ಷಮ್ಮ ಎಂಬ ಹೆಸರುಗಳನ್ನು ಭಕ್ತಿಯಿಂದ ನೆನೆಯುವವರಿಗೂ ಕೊರತೆಯಿಲ್ಲ. ಹೆಸರಿನ ಜೊತೆಗೆ ಅವರ ಪಾಠವೂ ನಮ್ಮವರೆಗೆ ಬಂತೇ ಎಂಬುದನ್ನು ಈ ಸಿಂಹಾವಲೋಕನದಲ್ಲಿ ನೋಡಬೇಕಾಗಿದೆ.

ಭರತನಾಟ್ಯದ ಮೈಸೂರು ಶೈಲಿಯ ಕಥೆಯನ್ನು ಶುದ್ಧ ಕನ್ನಡ ನೆಲದ ಕಥೆ ಎಂದು ಹೇಳುವ ಅಭ್ಯಾಸವೊಂದಿದೆ. ಹೊಯ್ಸಳ ರಾಣಿ ಶಾಂತಲೆಯ ಹೆಸರು ಹೇಳಿ, ಬೇಲೂರಿನ ಮದನಿಕೆಯರನ್ನು ತೋರಿಸಿ, ನೇರವಾಗಿ ತಾಯಮ್ಮನವರಿಗೆ ಜಿಗಿಯುತ್ತೇವೆ. ನಡುವಿನ ಏಳು ಶತಮಾನಗಳನ್ನು ಹಾಗೆ ದಾಟಿಬಿಡುವುದು ಸರಿಯಲ್ಲ. ಶಿವಗಂಗೆಯ ಬಳಿಯ ಸಾತನೂರಿನಿಂದ ಹೊರಟ ಪುಂಡರೀಕ ವಿಠಲ ಹದಿನಾರನೆಯ ಶತಮಾನದಲ್ಲಿ ‘ನರ್ತನನಿರ್ಣಯ’ ಬರೆದ. ಹತ್ತೊಂಬತ್ತನೆಯ ಶತಮಾನದಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ತಂಜಾವೂರಿನಿಂದ ಚಿನ್ನಯ್ಯ ಬಂದ. ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು ಎಂಬ ನಾಲ್ವರು ಸೋದರರಲ್ಲಿ ಈತ ಹಿರಿಯ. ಅಲರಿಪ್ಪುವಿನಿಂದ ತಿಲ್ಲಾನದವರೆಗೆ ಇಂದು ನಾವು ಕಾಣುವ ಮಾರ್ಗಕ್ಕೆ ಅಚ್ಚುಕಟ್ಟು ಕೊಟ್ಟವರು ಆ ನಾಲ್ವರೇ. ವಡಿವೇಲು ತಿರುವಾಂಕೂರಿಗೆ ಹೋದ, ಚಿನ್ನಯ್ಯ ಮೈಸೂರಿಗೆ ಬಂದ. ಜಾವಳಿ ಎಂಬ ಚುರುಕು ಶೃಂಗಾರದ ಪ್ರಕಾರ ಮೈಸೂರು ಆಸ್ಥಾನದಲ್ಲಿ ಬೆಳೆದದ್ದಕ್ಕೂ ಈತನಿಗೂ ನಂಟಿದೆ. ಅಂದರೆ ಮೈಸೂರು ಶೈಲಿ ಎಂಬುದು ಆರಂಭದಿಂದಲೇ ಹೊರಗಿನದನ್ನು ಒಳಗೆ ಕರೆದುಕೊಂಡು, ತನ್ನ ರುಚಿಗೆ ಒಗ್ಗಿಸಿಕೊಂಡು ಬೆಳೆದದ್ದು. ಪರಂಪರೆ ಎಂದರೆ ಬೇಲಿ ಎಂದುಕೊಂಡವರು ಇದನ್ನು ಮರೆಯಬಾರದು.

ಆ ರುಚಿಗೆ ಹೆಸರು ತಂದುಕೊಟ್ಟವರು ಜಟ್ಟಿ ತಾಯಮ್ಮ. 1857ರಲ್ಲಿ ಹುಟ್ಟಿದ ಅವರು ಅರಮನೆಯ ಕುಸ್ತಿಪಟು ದಾಸಪ್ಪನವರ ಮಗಳು. ಹೆಸರಿನ ಹಿಂದಿರುವ ‘ಜಟ್ಟಿ’ ಬಂದದ್ದು ಗರಡಿಮನೆಯಿಂದ. ಸುಬ್ಬರಾಯಪ್ಪನವರಲ್ಲಿ ನಾಟ್ಯ ಕಲಿತು, ಕವೀಶ್ವರ ಗಿರಿಯಪ್ಪನವರಂಥ ವಿದ್ವಾಂಸರಿಂದ ಅಭಿನಯ ಮತ್ತು ಸಾಹಿತ್ಯದ ಪಾಠ ಹೇಳಿಸಿಕೊಂಡು, ಚಾಮರಾಜ ಒಡೆಯರ ಮತ್ತು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಆಸ್ಥಾನದಲ್ಲಿ ಮೆರೆದರು. ಅವರ ಹುಬ್ಬಿನ ಚಲನೆಯ ಬಗ್ಗೆ ಇಂದಿಗೂ ಕಥೆಗಳಿವೆ.

ಅವರು ಕೊಟ್ಟ ಪಾಠದ ಸ್ವರೂಪವನ್ನು ಒಮ್ಮೆ ಹತ್ತಿರದಿಂದ ನೋಡೋಣ. ಮೈಸೂರು ಶೈಲಿಯಲ್ಲಿ ನೆಗೆತ, ಚಾಚು ಕಡಿಮೆ, ಲಾಸ್ಯ ಹೆಚ್ಚು. ನೃತ್ತ ಇದ್ದರೂ ಕಚೇರಿಯ ಜೀವ ಅಭಿನಯದಲ್ಲಿ. ಕ್ಷೇತ್ರಯ್ಯನ ಪದ, ಜಾವಳಿ, ಜಯದೇವನ ಅಷ್ಟಪದಿ ಇದ್ದೇ ಇದ್ದವು. ಅವುಗಳ ಜೊತೆಗೆ ಅಮರುಶತಕ, ಕೃಷ್ಣಕರ್ಣಾಮೃತದ ಶ್ಲೋಕಗಳು ಈ ಮನೆತನದ ವಿಶೇಷ. ಶ್ಲೋಕಕ್ಕೆ ತಾಳದ ಕಟ್ಟಿಲ್ಲ. ಹಾಡುವವರು ರಾಗದಲ್ಲಿ ವಿಸ್ತರಿಸುತ್ತ ಹೋದಂತೆ, ಯಾವ ಪದದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ಯಾವ ಅರ್ಥವನ್ನು ಮುಂದೆ ತರಬೇಕು, ಯಾವುದನ್ನು ಬರಿಯ ಕಣ್ಣಿನಲ್ಲೇ ಮುಗಿಸಬೇಕು ಎಂಬುದನ್ನು ನರ್ತಕಿ ಆ ಕ್ಷಣದಲ್ಲೇ ತೀರ್ಮಾನಿಸಬೇಕು. ತಾಳ ಹಿಡಿದು ಎಣಿಸಿಕೊಂಡು ದಾಟುವ ಹಾದಿ ಅಲ್ಲಿಲ್ಲ. ಸಂಸ್ಕೃತ ಬಾರದವಳಿಗೆ, ರಾಗದ ನಡೆ ತಿಳಿಯದವಳಿಗೆ ಶ್ಲೋಕದ ಎದುರು ಕೈಕಾಲೇ ಆಡದು. ಹಾಗಾಗಿಯೇ ನಾಟ್ಯ ಕಲಿಯುವ ಹುಡುಗಿ ಪಂಡಿತರ ಮುಂದೆ ಕುಳಿತು ಕಾವ್ಯಪಾಠ ಹೇಳಿಸಿಕೊಳ್ಳುತ್ತಿದ್ದಳು. ಅದು ಶೋಭೆಗಾಗಿ ಸೇರಿಸಿಕೊಂಡ ವಿದ್ಯೆಯಲ್ಲ, ಕಸುಬಿನ ಅಗತ್ಯ.

ನಾಯಕನನ್ನು ಕರೆದು ತಾ ಎಂದು ಸಖಿಗೆ ಹೇಳುವ ಒಂದು ಸಾಲು ಇದೆ ಎಂದಿಟ್ಟುಕೊಳ್ಳಿ. ನಾಯಕಿ ಮುಗ್ಧೆಯಾದರೆ ಮಾತು ಗಂಟಲಲ್ಲೇ ಉಳಿಯುತ್ತದೆ. ಕಣ್ಣು ನೆಲ ನೋಡುತ್ತದೆ, ಬೆರಳು ಸೆರಗಿನ ಅಂಚನ್ನು ಸುತ್ತುತ್ತದೆ, ಸಖಿಯೇ ಅರ್ಥ ಮಾಡಿಕೊಳ್ಳಬೇಕು. ಮಧ್ಯೆಯಾದರೆ ಅರ್ಧ ಹೇಳಿ, ಅರ್ಧಕ್ಕೆ ಮುಖ ತಿರುಗಿಸುತ್ತಾಳೆ. ಪ್ರಗಲ್ಭೆಯಾದರೆ ಒಂದು ಹುಬ್ಬು ಏರಿದರೆ ಸಾಕು, ಕರೆದು ತಾ ಎಂಬುದರ ಜೊತೆಗೆ ಬಾರದಿದ್ದರೆ ನೋಡಿಕೊಳ್ಳುತ್ತೇನೆ ಎಂಬುದೂ ಬಂದುಬಿಡುತ್ತದೆ. ಸಾಲು ಒಂದೇ, ಮುದ್ರೆಗಳೂ ಹೆಚ್ಚುಕಡಿಮೆ ಅವೇ. ಕುಳಿತಲ್ಲೇ, ಸ್ವತಃ ಹಾಡಿಕೊಂಡು, ಇದೇ ಸಾಲನ್ನು ಮತ್ತೆ ಮತ್ತೆ ಬೇರೆ ಬೇರೆಯಾಗಿ ಮಾಡಿಸುವುದು ಪಾಠ. ನಿನ್ನೆ ಮಾಡಿದ್ದನ್ನೇ ಇವತ್ತೂ ಮಾಡಿದರೆ ಗುರುವಿಗೆ ಒಪ್ಪಿಗೆಯಿಲ್ಲ. ಇದು ಬಾಯಿಪಾಠ ಮಾಡಿ ಒಪ್ಪಿಸುವ ವಿದ್ಯೆಯಾಗಿರಲಿಲ್ಲ.

ಇಂಥ ಪಾಠಕ್ಕೆ ಎಷ್ಟು ಕಾಲ ಬೇಕು? ವೆಂಕಟಲಕ್ಷಮ್ಮನವರ ಬದುಕೇ ಉತ್ತರ. 1906ರಲ್ಲಿ ಕಡೂರಿನ ತಂಗಲಿ ತಾಂಡ್ಯದ ಲಂಬಾಣಿ ಕುಟುಂಬದಲ್ಲಿ ಹುಟ್ಟಿದ ಅವರು ತಾಯಮ್ಮನವರ ಬಳಿಗೆ ಬಂದಾಗ ಎಂಟು ವರ್ಷದ ಹುಡುಗಿ. ಗುರುವಿಗೆ ಆಗ ಐವತ್ತೇಳರ ಆಸುಪಾಸು. ಹನ್ನೆರಡನೆಯ ವಯಸ್ಸಿಗೆ ರಂಗಪ್ರವೇಶವಾಯಿತು. ಇಂದು ಹಲವರ ಪಾಲಿಗೆ ಪಾಠ ಮುಗಿಯುವುದು ಅಲ್ಲಿ. ವೆಂಕಟಲಕ್ಷಮ್ಮನವರಿಗೆ ಪಾಠ ನಿಜವಾಗಿ ಶುರುವಾದದ್ದೇ ಅಲ್ಲಿಂದ. ಮುಂದೆ ದಶಕಗಳ ಕಾಲ ಗುರುವಿನ ಜೊತೆಗೇ ನರ್ತಿಸಿದರು. ದೇವೋತ್ತಮ ಜೋಯಿಸರು, ಶಾಂತಾ ಶಾಸ್ತ್ರಿಗಳು, ಗಿರಿಭಟ್ಟರು ಸಂಸ್ಕೃತ ಹೇಳಿಕೊಟ್ಟರು; ಬಿ. ದೇವೇಂದ್ರಪ್ಪ ಮತ್ತು ಸಿ. ರಾಮರಾಯರು ಸಂಗೀತ ಕಲಿಸಿದರು. ಆಸ್ಥಾನ ವಿದುಷಿಯ ಪದವಿ ಸಿಕ್ಕಿದ್ದು 1939ರಲ್ಲಿ, ಮೂವತ್ತಮೂರನೆಯ ವಯಸ್ಸಿಗೆ. 1947ರಲ್ಲಿ ತಾಯಮ್ಮನವರು ತೀರಿಕೊಳ್ಳುವವರೆಗೆ ಲೆಕ್ಕ ಹಾಕಿದರೆ ಗುರು-ಶಿಷ್ಯೆಯರ ಒಡನಾಟ ಮೂರು ದಶಕಕ್ಕೂ ಮೀರಿದ್ದು.

ಇನ್ನೊಂದು ವಿಷಯವನ್ನೂ ಇಲ್ಲೇ ಗಮನಿಸಬೇಕು. ಜಟ್ಟಿಯ ಮಗಳಿಂದ ತಾಂಡ್ಯದ ಹುಡುಗಿಗೆ ವಿದ್ಯೆ ದಾಟಿತು. ರಕ್ತಸಂಬಂಧವಿಲ್ಲ, ಕುಲ ಒಂದಲ್ಲ, ಮನೆಮಾತು ಒಂದಲ್ಲ. ಮೈಸೂರು ಶೈಲಿಯ ಅತ್ಯಂತ ಗಟ್ಟಿಯಾದ ಕೊಂಡಿ ಹುಟ್ಟಿನಿಂದ ಬಂದದ್ದಲ್ಲ, ಕಲಿಕೆಯಿಂದ ಬಂದದ್ದು. 1857ರಿಂದ 2002ರವರೆಗೆ ಈ ಇಬ್ಬರು ಹೆಂಗಸರ ಬದುಕೇ ಒಂದೂವರೆ ಶತಮಾನದ ಹತ್ತಿರ ಹತ್ತಿರ ಹರಡಿಕೊಂಡಿದೆ. ಅಷ್ಟು ಕಾಲ ಒಂದು ವಿದ್ಯೆ ಕೈ ಬದಲಾದದ್ದು ಒಂದೇ ಒಂದು ಸಲ.

ಹುಟ್ಟಿನಿಂದಲೇ ವಿದ್ಯೆ ಪಡೆದ ಮನೆತನಗಳೂ ಇದ್ದವು. ಮೂಗೂರು, ನಂಜನಗೂಡು, ಕೋಲಾರದ ಹೆಸರು ಹಿಡಿದ ಸಂಪ್ರದಾಯಗಳು ದೇವಸ್ಥಾನದ ಸುತ್ತ, ಆಸ್ಥಾನದ ಸುತ್ತ ಬೆಳೆದವು. ಮೂಗೂರಿನ ತ್ರಿಪುರಸುಂದರಿ ದೇವಸ್ಥಾನದ ಜೊತೆ ಬೆಸೆದ ಜೇಜಮ್ಮ, ಅಮೃತಪ್ಪ, ನಂಜನಗೂಡಿನ ನಾಗರತ್ನಮ್ಮ ಮುಂತಾದವರನ್ನು ಬಿಟ್ಟು ಮೈಸೂರು ನಾಟ್ಯದ ಮಾತಾಡುವಂತಿಲ್ಲ. 1909ರಲ್ಲಿ ಮೈಸೂರು ಸಂಸ್ಥಾನ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಮದರಾಸು ಪ್ರಾಂತದಲ್ಲಿ ಇಂಥ ಕಾನೂನು ಬಂದದ್ದು 1947ರಲ್ಲಿ. ಕರ್ನಾಟಕದಲ್ಲಿ ದೇವದಾಸಿಯಾಗಿ ಮುತ್ತು ಕಟ್ಟುವುದನ್ನು ನಿಷೇಧಿಸಿದ ಕಾಯ್ದೆ 1982ರದು. ಹೆಣ್ಣುಮಕ್ಕಳ ಶೋಷಣೆ ನಿಲ್ಲಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೇವೆಯ ಜೊತೆಗೆ ಸೇವೆ ಮಾಡುತ್ತಿದ್ದವರ ವಿದ್ಯೆಗೂ ಬಾಗಿಲು ಮುಚ್ಚಿತು. ಅದೇ ವಿದ್ಯೆ ಮುಂದೆ ಮರ್ಯಾದಸ್ಥ ಮನೆಗಳ ಅಂಗಳಕ್ಕೆ ಬಂದಾಗ ಕಲಿತವರಿಗೆ ಗೌರವ ಸಿಕ್ಕಿತು. ಕಲಿಸಿದ ಮನೆತನಗಳ ಹೆಣ್ಣುಮಕ್ಕಳಲ್ಲಿ ಬಹುಪಾಲಿನವರ ಹೆಸರೂ ಉಳಿಯಲಿಲ್ಲ. ಇಂದಿನ ರಂಗಪ್ರವೇಶಗಳಲ್ಲಿ ಗೆಜ್ಜೆಪೂಜೆಯನ್ನು ಸಡಗರದಿಂದ ಮಾಡುವವರು, ಆ ಶಾಸ್ತ್ರ ಯಾರ ಮನೆಯಿಂದ ಬಂತು ಎಂಬುದನ್ನು ಮಕ್ಕಳಿಗೆ ಹೇಳುವುದು ಅಪರೂಪ. ನಮ್ಮ ಪರಂಪರೆಯ ಲೆಕ್ಕದಲ್ಲಿ ತೀರಿಸದೆ ಉಳಿದ ಋಣ ಇದು.

ಬೆಂಗಳೂರಿನ ಕಥೆಯ ಜಾಡು ಬೇರೆ. 1930ರ ದಶಕದಲ್ಲಿ ರಾಮಗೋಪಾಲ್, ಯು.ಎಸ್. ಕೃಷ್ಣರಾವ್ ಮುಂತಾದವರು ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರನ್ನು ಹುಡುಕಿಕೊಂಡು ಹೋದರು. ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ಕೃಷ್ಣರಾಯರು ತಾಯಮ್ಮನವರಲ್ಲೂ ಪಾಠ ಹೇಳಿಸಿಕೊಂಡಿದ್ದವರು. ಅವರೂ ಅವರ ಪತ್ನಿ ಚಂದ್ರಭಾಗಾ ದೇವಿಯವರೂ 1940ರ ದಶಕದಲ್ಲಿ ಕಟ್ಟಿದ ಮಹಾಮಾಯಾ ಶಾಲೆಯಿಂದ ಪಂದನಲ್ಲೂರು ಶೈಲಿ ಬೆಂಗಳೂರಿನಲ್ಲಿ ಬೇರು ಬಿಟ್ಟಿತು. ಗಂಡಸು, ಅದೂ ಕಾಲೇಜು ಮೇಷ್ಟರು, ಗೆಜ್ಜೆ ಕಟ್ಟುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಪಿಳ್ಳೆಯವರು ತಂಜಾವೂರು ಸೋದರರ ವಂಶದವರು. ಒಂದು ಶತಮಾನದ ಹಿಂದೆ ಚಿನ್ನಯ್ಯನ ಮೂಲಕ ಮೈಸೂರಿಗೆ ಬಂದ ವಿದ್ಯೆ, ಅದೇ ವಂಶದ ಇನ್ನೊಂದು ಕವಲಿನ ಮೂಲಕ ಎರಡನೆಯ ಸಲ ಕನ್ನಡ ನಾಡಿಗೆ ಬಂತು. ಎಚ್.ಆರ್. ಕೇಶವಮೂರ್ತಿಯವರ ಕೇಶವ ನೃತ್ಯಶಾಲೆ, ವಿ.ಎಸ್. ಕೌಶಿಕ್ ಅವರ ಸನಾತನ ಕಲಾಕ್ಷೇತ್ರ ಸಾವಿರಾರು ಮನೆಗಳಿಗೆ ನಾಟ್ಯವನ್ನು ಮುಟ್ಟಿಸಿದವು. ಕೇಶವಮೂರ್ತಿಯವರ ಶಿಷ್ಯೆ ಲಲಿತಾ ಶ್ರೀನಿವಾಸನ್ ಮುಂದೆ ವೆಂಕಟಲಕ್ಷಮ್ಮನವರಲ್ಲಿ ಅಭಿನಯ ಕಲಿತು, ‘ನೂಪುರ’ ಸಂಸ್ಥೆಯ ಮೂಲಕ ಮೈಸೂರು ಶೈಲಿಯ ಪಾಠಾಂತರವನ್ನು ಬೆಂಗಳೂರಿನ ವೇದಿಕೆಗೆ ತಂದರು. ಒಬ್ಬರಲ್ಲಿ ಅಡವು, ಇನ್ನೊಬ್ಬರಲ್ಲಿ ಅಭಿನಯ ಕಲಿಯುವ ಈ ಕ್ರಮ ನಿಷ್ಠೆಯ ಕೊರತೆಯಲ್ಲ. ಮೈಸೂರಿನ ಹಳೆಯ ಪದ್ಧತಿಯೇ ಅದು. ತಾಯಮ್ಮನವರಿಗೂ ಒಬ್ಬರೇ ಗುರುವಿರಲಿಲ್ಲ, ವೆಂಕಟಲಕ್ಷಮ್ಮನವರಿಗೂ ಇರಲಿಲ್ಲ.

ಇನ್ನು ವಿಶ್ವವಿದ್ಯಾನಿಲಯದ ಮಾತು. ಅರಮನೆಯ ಆಶ್ರಯ ನಿಂತ ಮೇಲೆ ಈ ವಿದ್ಯೆಗೆ ಸಾರ್ವಜನಿಕ ನೆಲೆಯೊಂದು ಬೇಕಿತ್ತು. 1965ರ ತೀರ್ಮಾನ ಅದನ್ನು ಒದಗಿಸಿತು. ಯಾವ ಹುಡುಗಿಯಾದರೂ ಅರ್ಜಿ ಹಾಕಿ, ಶುಲ್ಕ ಕಟ್ಟಿ ಆಸ್ಥಾನ ವಿದುಷಿಯ ಮುಂದೆ ಕುಳಿತುಕೊಳ್ಳುವಂತಾಯಿತು. ಇದು ದೊಡ್ಡ ಕೆಲಸ. ವೆಂಕಟಲಕ್ಷಮ್ಮನವರು ಅಲ್ಲಿ ಒಂಬತ್ತು ವರ್ಷ ಕಲಿಸಿ 1974ರಲ್ಲಿ ನಿವೃತ್ತರಾದರು. ತಮ್ಮದೇ ಭಾರತೀಯ ನೃತ್ಯ ನಿಕೇತನದಲ್ಲೂ ಪಾಠ ಹೇಳಿದರು. 1964ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1992ರಲ್ಲಿ ಪದ್ಮಭೂಷಣ ಬಂದವು. ರಾಜ್ಯ ಸರ್ಕಾರದ ನಾಟ್ಯರಾಣಿ ಶಾಂತಲಾ ಪ್ರಶಸ್ತಿಯೂ ಅವರನ್ನು ಹುಡುಕಿಕೊಂಡು ಬಂತು. ಗೌರವದಲ್ಲಿ ನಾಡು ಕಡಿಮೆ ಮಾಡಲಿಲ್ಲ. ಆದರೆ ಅವರು ಮೂರು ದಶಕದಲ್ಲಿ ಕಲಿತದ್ದನ್ನು ಮೂರು ವರ್ಷದ ತರಗತಿಯಲ್ಲಿ, ಗಂಟೆ ಹೊಡೆಯುವುದರೊಳಗೆ ಕಲಿಸಬೇಕಾಗಿತ್ತು. ಯಾವ ಗುರುವಿಗೂ ಅದು ಆಗದ ಕೆಲಸ.

ಇದರ ಜೊತೆಗೇ ಬೆಳೆದದ್ದು ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ವ್ಯವಸ್ಥೆ. ಈ ಪರೀಕ್ಷೆಗಳನ್ನು ಹೀಗಳೆಯುವುದು ಸುಲಭ, ಅನ್ಯಾಯ ಕೂಡ. ಸಣ್ಣ ಊರಿನ ಶಿಕ್ಷಕಿಗೆ ಒಂದು ಅಳತೆಗೋಲು ಕೊಟ್ಟದ್ದು, ಶಾಸ್ತ್ರಗ್ರಂಥದ ಪರಿಚಯ ಮಾಡಿಸಿದ್ದು, ಊರೂರಲ್ಲಿ ಅಡವುಗಳಿಗೆ ಒಂದು ಶಿಸ್ತು ತಂದದ್ದು ಇವೇ. ‘ಅಭಿನಯ ದರ್ಪಣ’ದ 28 ಅಸಂಯುತ ಹಸ್ತ, 9 ಶಿರೋಭೇದ, 8 ದೃಷ್ಟಿಭೇದ, 4 ಗ್ರೀವಾಭೇದಗಳನ್ನು ಇಂದು ಹತ್ತು ವರ್ಷದ ಮಗು ಗಡಗಡನೆ ಹೇಳುತ್ತದೆ. ತೊಂದರೆ ಇರುವುದು ಪರೀಕ್ಷೆಯಲ್ಲಲ್ಲ, ಪರೀಕ್ಷೆಗೆ ಸಿಗುವುದಷ್ಟೇ ಪಾಠ ಎಂದುಕೊಂಡದ್ದರಲ್ಲಿ. ದೃಷ್ಟಿಭೇದದ ಹೆಸರಿಗೆ ಅಂಕ ಕೊಡಬಹುದು. ಒಂದೇ ಸಾಲಿಗೆ ಮೂರು ನಾಯಕಿಯರನ್ನು ತರುವ ಶಕ್ತಿಗೆ ಅಂಕ ಕೊಡಲು ಪರೀಕ್ಷಕರ ಬಳಿ ಹೊತ್ತಿಲ್ಲ. ಹಾಗಾಗಿ ಶಿಕ್ಷಕರು ಸಾಲಿನ ಅರ್ಥವನ್ನು ಬಗೆಬಗೆಯಾಗಿ ವಿಸ್ತರಿಸುವ ಸಂಚಾರಿಯನ್ನೂ ಜತಿಯಂತೆ ಗಟ್ಟಿ ಮಾಡಿಸುತ್ತಾರೆ. ಇಂಥ ಸೊಲ್ಲಿಗೆ ಇಂಥ ನೋಟ, ಇಂಥ ಮಾತ್ರೆಗೆ ಇಂಥ ನಗು ಎಂದು ನಿಗದಿಯಾಗಿಬಿಡುತ್ತದೆ. ಧ್ವನಿಮುದ್ರಿತ ಹಿಮ್ಮೇಳ ಬಂದ ಮೇಲಂತೂ ಹಾಡಿನ ಉದ್ದ ಮೊದಲೇ ಗೊತ್ತು, ನಿಲ್ಲಬೇಕೆಂದರೂ ನಿಲ್ಲುವಂತಿಲ್ಲ.

ಕಳೆದ ಆರು ದಶಕದ ಲೆಕ್ಕವನ್ನು ನೇರವಾಗಿ ಬರೆಯುವುದಾದರೆ ಹೀಗೆ. ಗಳಿಸಿದ್ದು ಬಹಳ. ನಾಟ್ಯ ಕಲಿಯುವುದು ಕಳಂಕ ಎಂಬ ಭಾವನೆ ಹೋಯಿತು. ಜಾತಿಯ, ಊರಿನ ಗೆರೆ ದಾಟಿ ಮಕ್ಕಳು ಬಂದರು. ಅಡವಿನ ಶುದ್ಧಿ, ಅರಮಂಡಿಯ ಗಟ್ಟಿತನ, ಲಯದ ಹಿಡಿತದಲ್ಲಿ ಇಂದಿನ ಮಕ್ಕಳು ಹಿಂದಿನವರಿಗಿಂತ ಮುಂದಿದ್ದಾರೆ ಎಂದರೆ ಉತ್ಪ್ರೇಕ್ಷೆಯಲ್ಲ. ಡಿ.ವಿ.ಜಿ.ಯವರ ‘ಅಂತಃಪುರಗೀತೆ’ಯಂಥ ಕನ್ನಡ ಸಾಹಿತ್ಯ ನಾಟ್ಯಕ್ಕೆ ಒದಗಿತು, ದಾಸರ ಪದ, ವಚನಗಳು ಕಚೇರಿಗೆ ಸೇರಿದವು. ಅಮೆರಿಕ, ಇಂಗ್ಲೆಂಡ್, ಕೊಲ್ಲಿ ದೇಶಗಳಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳೂ ಬೆಂಗಳೂರು, ಮೈಸೂರಿನ ಗುರುಗಳಿಂದ ಕಲಿಯುತ್ತಿದ್ದಾರೆ.

ಕಳೆದುಕೊಂಡದ್ದು ಲೆಕ್ಕದಲ್ಲಿ ಕಡಿಮೆ, ಬೆಲೆಯಲ್ಲಿ ಹೆಚ್ಚು. ಬರೆದಿಡಲು ಆಗುವುದೆಲ್ಲ ಉಳಿಯಿತು: ಜತಿ, ಸ್ವರ, ಹಸ್ತ, ಸಾಹಿತ್ಯ. ಬರೆದಿಡಲು ಆಗದ್ದು ಸೊರಗಿತು: ಕುಳಿತು ಮಾಡುವ ಅಭಿನಯ, ಹಾಡುತ್ತಲೇ ಅಭಿನಯಿಸುವ ರೂಢಿ, ತಾಳವಿಲ್ಲದ ಶ್ಲೋಕದಲ್ಲಿ ಮನೋಧರ್ಮದ ವಿಸ್ತಾರ. ಮೈಸೂರು ಶೈಲಿಯನ್ನು ಮೈಸೂರು ಶೈಲಿಯಾಗಿಸಿದ್ದೇ ಇವು. ಇವನ್ನು ತೆಗೆದುಬಿಟ್ಟರೆ ಉಳಿಯುವುದು ಒಳ್ಳೆಯ ಭರತನಾಟ್ಯ ಹೌದು, ತಾಯಮ್ಮನವರ ಮನೆಯ ವಿದ್ಯೆ ಅಲ್ಲ. ತೆಲುಗು ಪದದ, ಸಂಸ್ಕೃತ ಶ್ಲೋಕದ ಅರ್ಥವನ್ನು ಗುರು ಹೇಳಿದಷ್ಟೇ ತಿಳಿದು ನರ್ತಿಸುವ ಶಿಷ್ಯೆಗೆ ಹೊಸದೊಂದು ಸಂಚಾರಿ ಹೊಳೆಯುವುದಾದರೂ ಎಲ್ಲಿಂದ? ಇದಕ್ಕೆ ಮಕ್ಕಳನ್ನು ದೂರುವಂತಿಲ್ಲ. ಶಾಲೆ, ಟ್ಯೂಷನ್, ಸಿಇಟಿಗಳ ನಡುವೆ ವಾರಕ್ಕೆರಡು ಗಂಟೆ ಹೊಂದಿಸಿಕೊಂಡು ಬರುವ ಹುಡುಗಿಯಿಂದ ಮೂರು ದಶಕದ ಶಿಷ್ಯತ್ವ ಕೇಳುವುದು ಅನ್ಯಾಯ. ಹತ್ತನೆಯ ತರಗತಿಗೆ ಮೊದಲು ರಂಗಪ್ರವೇಶ ಮುಗಿದರೆ ಸಾಕು ಎಂದು ತಂದೆತಾಯಿಯೂ, ಒಂದು ದೊಡ್ಡ ಕಾರ್ಯಕ್ರಮವಾದರೆ ಶಾಲೆಗೆ ಹೆಸರು ಎಂದು ಶಿಕ್ಷಕರೂ ಒಪ್ಪಿಕೊಂಡಿರುವ ವ್ಯವಸ್ಥೆಯನ್ನು ದೂರಬೇಕು. ಸಭಾಂಗಣ, ಹಿಮ್ಮೇಳ, ಪ್ರಸಾಧನ, ಊಟದ ಖರ್ಚು ಹೊರಲಾರದ ಮನೆಯ ಹುಡುಗಿ ಈ ಸಾಲಿನಿಂದ ಮೊದಲೇ ಹೊರಗುಳಿಯುತ್ತಾಳೆ. ಇಂದು ತಾಂಡ್ಯದಿಂದ ಇನ್ನೊಬ್ಬ ವೆಂಕಟಲಕ್ಷಮ್ಮ ಬಂದರೆ ಆಕೆಯನ್ನು ಮನೆಯಲ್ಲಿಟ್ಟುಕೊಂಡು ಕಲಿಸುವವರು ಯಾರು ಎಂದು ಕೇಳಿಕೊಳ್ಳೋಣ.

ಹಾಗಾದರೆ ಮಾಡಬೇಕಾದದ್ದೇನು? ಅರಮನೆಯ ಕಾಲ ಮತ್ತೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಕೈಯಳತೆಯಲ್ಲಿರುವ ಕೆಲಸ ಮೂರಿವೆ. ಮೊದಲನೆಯದು ದಾಖಲೆ. ವೆಂಕಟಲಕ್ಷಮ್ಮನವರಲ್ಲಿ ನೇರವಾಗಿ ಕಲಿತವರಲ್ಲಿ ಹಿರಿಯರು ಈಗ ವಯೋವೃದ್ಧರು. ಅವರು ಕಲಿತ ಪದ, ಜಾವಳಿ, ಶ್ಲೋಕಗಳನ್ನು ವೇದಿಕೆಯ ಪ್ರದರ್ಶನವಾಗಿ ಅಲ್ಲ, ಪಾಠ ಹೇಳುತ್ತಿರುವಂತೆ, ಒಂದೇ ಸಾಲನ್ನು ಐದಾರು ರೀತಿಯಲ್ಲಿ ಮಾಡಿ ತೋರಿಸುವಂತೆ ಚಿತ್ರೀಕರಿಸಿಡಬೇಕು. ರಾಜ್ಯದ ಸಂಗೀತ ನೃತ್ಯ ಅಕಾಡೆಮಿಯೂ ಗಂಗೂಬಾಯಿ ಹಾನಗಲ್ ಹೆಸರಿನ ವಿಶ್ವವಿದ್ಯಾಲಯವೂ ಕೈಜೋಡಿಸಿದರೆ ಇದು ಹಣಕ್ಕಾಗಿ ನಿಲ್ಲುವ ಕೆಲಸವಲ್ಲ. ಎರಡನೆಯದು ಪರೀಕ್ಷೆ. ವಿದ್ವತ್ ಅಂತಿಮದ ಅಭ್ಯರ್ಥಿಗೆ ಮೊದಲೇ ಕಲಿಯದ ಕನ್ನಡ ಸಾಲೊಂದನ್ನು ಕೊಟ್ಟು, ಅರ್ಧ ಗಂಟೆ ಯೋಚಿಸಲು ಬಿಟ್ಟು, ಕುಳಿತು ಅಭಿನಯಿಸು ಎನ್ನಬೇಕು. ಅದಕ್ಕೆ ತೂಕದ ಅಂಕ ಇಡಬೇಕು. ಪರೀಕ್ಷೆಯಲ್ಲಿ ಬಂದದ್ದು ತರಗತಿಯಲ್ಲಿ ತಾನೇ ಬರುತ್ತದೆ. ಮೂರನೆಯದು ಸಹಾಯ. ಹದಿನೆಂಟು ದಾಟಿಯೂ ಕಲಿಕೆ ಮುಂದುವರಿಸುವ ಶಿಷ್ಯರಿಗೆ, ಅವರನ್ನು ಕಲಿಸುವ ಗುರುಗಳಿಗೆ, ವರ್ಷಾನುಗಟ್ಟಲೆ ಸಿಗುವ ಶಿಷ್ಯವೇತನ ಬೇಕು. ಉತ್ಸವಗಳಿಗೆ ಖರ್ಚಾಗುವ ಹಣದ ಸಣ್ಣ ಪಾಲು ಇದಕ್ಕೆ ಸಾಕು.

ಶಿಕ್ಷಕರಿಗೂ ಒಂದು ಮಾತು. ಆಹ್ವಾನಪತ್ರಿಕೆಯಲ್ಲಿ ಗುರುಪರಂಪರೆ ಅಚ್ಚು ಹಾಕಿಸುವಾಗ, ಯಾರಲ್ಲಿ ಏನು ಕಲಿತಿರಿ, ಎಷ್ಟು ವರ್ಷ ಕಲಿತಿರಿ ಎಂಬುದನ್ನೂ ಬರೆಯಿರಿ. ಎರಡು ವಾರದ ಶಿಬಿರವನ್ನು ಶಿಬಿರವೆಂದೇ ಕರೆಯಿರಿ. ಅಡವು ಕಲಿಸಿದ ಊರಿನ ಮೇಷ್ಟರ ಹೆಸರನ್ನು ದೊಡ್ಡ ಹೆಸರೊಂದು ಸಿಕ್ಕಿತೆಂದು ಬಿಡಬೇಡಿ. ತಂದೆತಾಯಿಯರು ಮಗಳನ್ನು ತರಗತಿಗೆ ಸೇರಿಸುವ ಮೊದಲು, ರಂಗಪ್ರವೇಶ ಎಷ್ಟು ವರ್ಷಕ್ಕೆ ಎಂದು ಕೇಳುವ ಬದಲು, ಅದಾದ ಮೇಲೆ ಏನು ಕಲಿಸುತ್ತೀರಿ ಎಂದು ಕೇಳಲಿ. ಆ ಪ್ರಶ್ನೆಗೆ ಉತ್ತರ ಇರುವ ಗುರುವಿನ ಬಳಿಯೇ ಮಗಳನ್ನು ಬಿಡಲಿ.